ಮತ್ತೇನು ವಿಶೇಷ?

ಮಕ್ಕಳು, ಮೊಮ್ಮಕ್ಕಳು ದೂರದೂರಿನಲ್ಲಿ. ಅಪ್ಪ ಅಮ್ಮ ಊರಿನಲ್ಲಿ. ಮಲೆನಾಡಿನ ಮನೆಮನೆಯ ಕಥೆ ಇದು. ಫೋನು ಕೈಯಲ್ಲಿದ್ದೂ ಮಾತು ಮುಗಿದುಹೋಗುವುದೇಕೆ? ಮುಗಿಯದಂತೆ ನೋಡಿಕೊಳ್ಳುವುದು ಹೇಗೆ?

ಬೆಳಗಿನ ಜಾವ ಐದು ಗಂಟೆ. ಆಯನೂರಿನ ನಮ್ಮ ಮನೆಯಂಗಳದಲ್ಲಿ ಇನ್ನೂ ಕತ್ತಲೆ. ಸಾಗರ ರಸ್ತೆಯಲ್ಲಿ ಆಗೊಂದು ಈಗೊಂದು ಲಾರಿ ಹೋದ ಸದ್ದು ಬಿಟ್ಟರೆ ಊರಿಗೆ ಊರೇ ಮಲಗಿರುತ್ತದೆ. ಗುಡಿಸಿ ನೀರು ಚಿಮುಕಿಸಿದ ನೆಲದ ಮುಂದೆ ನಾನು ಕುಕ್ಕರಗಾಲಿನಲ್ಲಿ ಕುಳಿತಿರುತ್ತೇನೆ. ಪಕ್ಕದಲ್ಲಿ ರಂಗೋಲಿ ಬಟ್ಟಲು. ಎದುರಿಗೆ ತುಳಸಿಕಟ್ಟೆಗೆ ಒರಗಿಸಿಟ್ಟ ಮೊಬೈಲು. ಅದರ ಪರದೆಯಲ್ಲಿ ನ್ಯೂಜೆರ್ಸಿಯ ಒಂದು ಊಟದ ಮೇಜು, ಮೇಜಿನ ಮೇಲೆ ಮೊಸರನ್ನದ ಬಟ್ಟಲು, ಬಟ್ಟಲಿನ ಹಿಂದೆ ಆರು ವರ್ಷದ ಮೊಮ್ಮಗಳು. ಅಲ್ಲಿ ಆಗ ಹಿಂದಿನ ದಿನದ ರಾತ್ರಿ ಏಳೂವರೆ.

“ಅಜ್ಜೀ, ಇವತ್ತು ಎಷ್ಟು ಚುಕ್ಕಿ?”

“ಐದು ಚುಕ್ಕಿ, ಐದು ಸಾಲು. ನೀನೂ ಇಟ್ಕೋ.”

ಅವಳ ಎಡಗೈ ಪಕ್ಕದಲ್ಲಿ ಒಂದು ಹಾಳೆ, ಕ್ರೆಯಾನು ಪೆನ್ಸಿಲು ಸಿದ್ಧವಾಗಿರುತ್ತವೆ. ನಾನು ನೆಲದ ಮೇಲೆ ಚುಕ್ಕಿ ಇಟ್ಟಂತೆ ಅವಳು ಹಾಳೆಯ ಮೇಲೆ ಇಡುತ್ತಾಳೆ. ನಾನೊಂದು ಎಳೆ ಎಳೆದರೆ ಅವಳೊಂದು ಎಳೆ. ನಡುವೆ ಅವಳಮ್ಮ ಒಂದು ತುತ್ತು ಬಾಯಿಗಿಡುತ್ತಾಳೆ. “ಅಜ್ಜೀ, ನಿಂದು ಆ ಕಡೆ ಸೊಟ್ಟ ಆಯ್ತು” ಎಂದು ಮೊಮ್ಮಗಳು ತಪ್ಪು ತೋರಿಸುತ್ತಾಳೆ. ನಾನು ಒರೆಸಿ ತಿದ್ದುತ್ತೇನೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವಳ ಬಟ್ಟಲು ಖಾಲಿ, ನನ್ನ ರಂಗೋಲಿ ಪೂರ್ತಿ.

ಈ ಹತ್ತು ನಿಮಿಷದಲ್ಲಿ ಅವಳ ಶಾಲೆಯ ಅಂಕಗಳ ಬಗ್ಗೆ ನಾನು ಕೇಳುವುದಿಲ್ಲ, ನನ್ನ ಸಕ್ಕರೆ ಕಾಯಿಲೆಯ ಬಗ್ಗೆ ಅವರು ವಿಚಾರಿಸುವುದಿಲ್ಲ. ಹೇಳಿಕೊಳ್ಳುವಂಥ ಮಾತೇ ನಡೆಯುವುದಿಲ್ಲ. ಆದರೂ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ನಾನು ದೂರದ ಮೊಮ್ಮಗಳಿಗೆ ಹತ್ತಿರವಾದದ್ದು ಈ ಹತ್ತು ನಿಮಿಷಗಳಿಂದಲೇ. ಅದನ್ನು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು. ಅದಕ್ಕೂ ಮೊದಲು ನಮ್ಮ ಮನೆಯ ಫೋನೂ ಎಲ್ಲರ ಮನೆಯ ಫೋನಿನಂತೆಯೇ ಇತ್ತು.

“ಊಟ ಆಯ್ತಾ?”

“ಆಯ್ತು. ನಿಮ್ದು?”

“ನಮ್ದೂ ಆಯ್ತು. ಮತ್ತೇನು ವಿಶೇಷ?”

“ವಿಶೇಷ ಏನಿಲ್ಲ. ಅಲ್ಲಿ?”

“ಇಲ್ಲೂ ಏನಿಲ್ಲ. ಸರಿ, ಇಡ್ಲಾ?”

ಊರು ಬಿಟ್ಟವರ ಊರು

ನಮ್ಮ ಆಯನೂರು ಶಿವಮೊಗ್ಗದಿಂದ ಸಾಗರದ ಕಡೆ ಹೋಗುವ ಹೆದ್ದಾರಿಯ ಮೇಲಿನ ಊರು. ಶಿವಮೊಗ್ಗದ ಕಡೆಯಿಂದ ಜೋಗಕ್ಕೆ ಹೋಗುವವರು ನಮ್ಮೂರಿನ ಮೇಲೆಯೇ ಹೋಗುತ್ತಾರೆ. ಶಿವಮೊಗ್ಗ ಪೇಟೆಯೊಳಗೂ ‘ಆಯನೂರು ಗೇಟ್’ ಎಂಬ ಜಾಗವೊಂದಿದೆ. ಹಬ್ಬ ಮುಗಿಸಿ ಬೆಂಗಳೂರಿಗೆ ಹೊರಟ ಮಗ ಅದನ್ನು ದಾಟುವಾಗ “ಗೇಟ್ ಬಂತಮ್ಮ” ಎಂದು ಫೋನ್ ಮಾಡುತ್ತಾನೆ. ಅಲ್ಲಿಗೆ ಅವನು ನಮ್ಮೂರಿನ ಗಡಿ ದಾಟಿದ ಎಂದು ನನ್ನ ಲೆಕ್ಕ.

ಮಕ್ಕಳು ಹೀಗೆ ದಾಟಿಹೋಗುವುದನ್ನು ನಾವು ‘ಈಗಿನ ಕಾಲ’ದ ತಲೆಗೆ ಕಟ್ಟುತ್ತೇವೆ. ಪಕ್ಕದ ಭದ್ರಾವತಿಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಅಲ್ಲಿ 1923ರಲ್ಲಿ ಕೆಲಸ ಶುರುಮಾಡಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಮೈಸೂರು ಸೀಮೆಯ ಹಳ್ಳಿಗಳಿಂದ, ತಮಿಳು, ತೆಲುಗು ನಾಡುಗಳಿಂದ ಹುಡುಗರು ಕೆಲಸ ಹುಡುಕಿಕೊಂಡು ಬಂದರು. ನ್ಯೂಟೌನ್, ಪೇಪರ್ ಟೌನ್‌ಗಳ ಕ್ವಾರ್ಟರ್ಸ್‌ಗಳಲ್ಲಿ ಸಂಸಾರ ಹೂಡಿದ ಆ ತರುಣರೆಲ್ಲ ಎಲ್ಲೋ ಒಂದು ಹಳ್ಳಿಯಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದವರೇ. ಸಂಬಳದ ದಿನ ಅಂಚೆ ಕಚೇರಿಯಲ್ಲಿ ಮನಿಯಾರ್ಡರ್ ಕಟ್ಟುವವರ ಸಾಲಿನಲ್ಲಿ ನಿಂತವರೇ.

ಈಗ ಚಕ್ರ ಒಂದು ಸುತ್ತು ತಿರುಗಿದೆ. ಕಾಗದ ಕಾರ್ಖಾನೆಯಲ್ಲಿ 2015ರಿಂದ ಉತ್ಪಾದನೆಯಿಲ್ಲ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂದಾಗ ಭದ್ರಾವತಿಯ ಕಾರ್ಮಿಕರು ಬೀದಿಗಿಳಿದರು. ಅಲ್ಲಿಗೆ ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳು ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಆಚೆಗೆ ಹೊರಟಿದ್ದಾರೆ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದಿದ ನಮ್ಮ ಸುತ್ತಲಿನ ಹಳ್ಳಿಗಳ ಮಕ್ಕಳದ್ದೂ ಅದೇ ದಾರಿ. ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿ, ಅದೇ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಇಳಿದಾಗ ನೋಡಲು ಹೋದ ಹಿರಿಯರಲ್ಲಿ ನಾನೂ ಒಬ್ಬಳು. ಎಲ್ಲರ ಬಾಯಲ್ಲೂ ಒಂದೇ ಮಾತು: “ಇನ್ಮೇಲೆ ಮಕ್ಕಳು ಬೇಗ ಬರ್ತಾರೆ.” ದಾರಿ ಹತ್ತಿರವಾದ ಮಾತ್ರಕ್ಕೆ ಮನಸ್ಸು ಹತ್ತಿರವಾಗುತ್ತದೆಯೇ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲೇ ಉಳಿಯಿತು.

ಅಂಚಿನಲ್ಲಿ ಬರೆದ ಮಾತು

ನನ್ನ ಅಮ್ಮ ನನಗೆ ಬರೆದ ಇನ್‌ಲ್ಯಾಂಡ್ ಕಾಗದಗಳ ಕಟ್ಟೊಂದು ಟ್ರಂಕಿನಲ್ಲಿದೆ. ನೀಲಿ ಬಣ್ಣ ಈಗ ಬೂದಿಯಾಗಿದೆ. ಮಡಚಿದ ಕಡೆ ಹರಿದಿವೆ. ಎಲ್ಲ ಕಾಗದಗಳೂ ಒಂದೇ ರೀತಿ ಶುರುವಾಗುತ್ತವೆ: ‘ಉಭಯ ಕುಶಲೋಪರಿ ಸಾಂಪ್ರತ.’ ಆಮೇಲೆ ಮದುವೆ, ಮುಂಜಿ, ಸಾಲ, ಫಸಲು. ಕೊನೆಗೆ ಆಶೀರ್ವಾದ. ಜಾಗ ಮುಗಿದ ಮೇಲೆ ಅಮ್ಮ ಕಾಗದವನ್ನು ಅಡ್ಡ ತಿರುಗಿಸಿ, ಗೋಂದು ಹಚ್ಚುವ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೂ ಒಂದೆರಡು ಮಾತು ಸೇರಿಸುತ್ತಿದ್ದಳು. ಗೌರಿ ಹೆಣ್ಣುಕರು ಹಾಕಿದೆ. ನೀನು ನೆಟ್ಟ ಡೇರೆ ಹೂ ಬಿಟ್ಟಿದೆ. ಪಕ್ಕದ ಮನೆಯವರ ಬೆಕ್ಕು ನಮ್ಮ ಅಟ್ಟದಲ್ಲಿ ಮರಿ ಹಾಕಿ ಕೂತಿದೆ. ಐವತ್ತು ವರ್ಷದ ನಂತರ ಆ ಕಟ್ಟು ಬಿಚ್ಚಿದರೆ ಮದುವೆ ಮುಂಜಿಯ ವಿವರ ನನಗೆ ಬೇಕಿಲ್ಲ. ಕಣ್ಣು ಓಡುವುದು ಆ ಅಂಚಿಗೆ. ಅಮ್ಮ ಇರುವುದು ಅಲ್ಲಿ.

ಭದ್ರಾವತಿಯ ತರುಣರು ಕಳಿಸುತ್ತಿದ್ದ ಮನಿಯಾರ್ಡರ್ ಫಾರಂನಲ್ಲೂ ಹೀಗೇ ಒಂದು ಅಂಚು ಇತ್ತು. ಹಣದ ಜೊತೆ ನಾಲ್ಕು ಸಾಲು ಬರೆಯಲು ಬಿಟ್ಟ ಜಾಗ. ಪೋಸ್ಟ್‌ಮ್ಯಾನ್ ಹಣ ಎಣಿಸಿ ಕೊಟ್ಟಮೇಲೆ ಆ ತುಂಡನ್ನು ಹರಿದು ಕೊಡುತ್ತಿದ್ದ. ಹಣ ಖರ್ಚಾದರೂ ಆ ತುಂಡು ದೇವರ ಪಟದ ಹಿಂದೆ ವರ್ಷಗಟ್ಟಲೆ ಉಳಿಯುತ್ತಿತ್ತು.

ಆಮೇಲೆ ದೂರವಾಣಿ ಬಂತು. ಹಳ್ಳಿಗಳಿಗೆಂದೇ ಸಿ-ಡಾಟ್ ಸಂಸ್ಥೆ ರೂಪಿಸಿದ, ಬಿಸಿಲು ಧೂಳು ತಡೆಯುವ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಕೆಲಸ ಆರಂಭಿಸಿದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ, 1986ರಲ್ಲಿ. ಹಿಂದೆಯೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಊರೂರಿಗೆ ಬಂದವು. ತಡರಾತ್ರಿ ಕಾಲು ದರವಾಗುವವರೆಗೆ ಕಾದು, ಗಾಜಿನ ಗೂಡಿನೊಳಗೆ ನಿಂತು, ಕೆಂಪು ಅಂಕಿಗಳು ಓಡುವುದನ್ನು ನೋಡುತ್ತ ಮಾತಾಡಿದವರು ನಾವು. ಅಲ್ಲಿ ಡೇರೆ ಹೂವಿನ ಮಾತಿಗೆ ಜಾಗವಿರಲಿಲ್ಲ. “ಬೇಗ ಹೇಳು, ವಿಶೇಷ ಏನು?” ಟೆಲಿಗ್ರಾಂ ಇನ್ನೂ ಬಿಗಿ. ಪದಕ್ಕಿಷ್ಟು ಎಂದು ದುಡ್ಡು. ತಂತಿ ಬಂತೆಂದರೆ ಯಾರೋ ಹೋದರೆಂದೇ ಮನೆಯ ಹೆಂಗಸರು ಅಳಲು ಶುರುಮಾಡುತ್ತಿದ್ದರು. ಆ ಸೇವೆ 2013ರ ಜುಲೈನಲ್ಲಿ ನಿಂತಿತು.

‘ಮತ್ತೇನು ವಿಶೇಷ’ ಎಂಬ ನಮ್ಮ ರೂಢಿಯ ಮಾತು ಆ ದುಬಾರಿ ಕಾಲದಲ್ಲಿ ಗಟ್ಟಿಯಾಯಿತು ಎಂದು ನನಗನ್ನಿಸುತ್ತದೆ. ನಿಮಿಷಕ್ಕೆ ದುಡ್ಡು ಎಣಿಸುವಾಗ ವಿಶೇಷವನ್ನಷ್ಟೇ ಹೇಳಬೇಕಿತ್ತು. ಈಗ ವಾಟ್ಸ್‌ಆ್ಯಪ್‌ನಲ್ಲಿ ಗಂಟೆಗಟ್ಟಲೆ ಮುಖ ನೋಡಿ ಮಾತಾಡಿದರೂ ಬೇರೆ ಖರ್ಚಿಲ್ಲ. ವಿಡಿಯೊ ಕಾಲ್ ಸೌಲಭ್ಯ ಅದರಲ್ಲಿ ಬಂದದ್ದು 2016ರಲ್ಲಿ. ಖರ್ಚು ಹೋಯಿತು, ರೂಢಿ ಹೋಗಲಿಲ್ಲ. ಹೇಳಿಕೊಳ್ಳುವಂಥದ್ದು ಏನೂ ಇಲ್ಲವೆಂದು ಎರಡೇ ನಿಮಿಷದಲ್ಲಿ ಫೋನು ಇಟ್ಟುಬಿಡುತ್ತೇವೆ. ಒಂದೇ ಸೂರಿನಡಿ ಇದ್ದಾಗ ನಾವು ದಿನವೂ ವಿಶೇಷ ಮಾತಾಡುತ್ತಿದ್ದೆವೇ? ಸಾರಿಗೆ ಉಪ್ಪು ಜಾಸ್ತಿಯಾಯಿತು, ನಲ್ಲಿ ಸೋರುತ್ತಿದೆ, ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಸಂಸಾರದ ಅಂಟು ಇಂಥ ಮಾತುಗಳಲ್ಲೇ ಇರುವುದು. ದೂರ ಹೋದ ಮಕ್ಕಳಿಗೆ ನಾವು ಅದನ್ನೇ ಕೊಡದೆ ಉಳಿಸಿಕೊಂಡಿದ್ದೇವೆ.

ಮಗುವಿಗೆ ಪರದೆ ಎಂದರೆ

ಮೊಮ್ಮಗಳಿಗೆ ಎರಡು ತುಂಬಿದಾಗ ನಾನು ಮಾಡುತ್ತಿದ್ದುದು ಎಲ್ಲ ಅಜ್ಜಿಯರೂ ಮಾಡುವುದನ್ನೇ. “ಅಜ್ಜಿ ಹತ್ರ ಮಾತಾಡು ಪುಟ್ಟಿ. ಅಜ್ಜಿಗೆ ಮುತ್ತು ಕೊಡು. ಆ ಹಾಡು ಹೇಳು ನೋಡೋಣ.” ಮಗು ಒಂದು ಕ್ಷಣ ನೋಡಿ ಆಟಿಕೆಯ ಕಡೆ ಓಡುತ್ತಿತ್ತು. ಮಗಳು ಎತ್ತಿ ತಂದು ಮತ್ತೆ ಫೋನಿನ ಮುಂದೆ ಕೂರಿಸುತ್ತಿದ್ದಳು. ಅದು ಅಳುತ್ತಿತ್ತು. ಅದಕ್ಕೆ ನನ್ನ ಗುರುತೇ ಇಲ್ಲ ಎಂದು ಫೋನಿಟ್ಟ ಮೇಲೆ ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ.

ಮಗುವಿನ ತಪ್ಪೇನೂ ಇರಲಿಲ್ಲ ಎಂದು ತಿಳಿದದ್ದು ಆಮೇಲೆ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ ಕೊಟ್ಟ ಸಲಹೆ ಹೀಗಿದೆ: ಒಂದೂವರೆ ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ವಿಡಿಯೊ ಕಾಲ್ ಒಂದನ್ನು ಬಿಟ್ಟು. ಅದೊಂದಕ್ಕೆ ವಿನಾಯಿತಿ ಏಕೆಂಬುದಕ್ಕೆ 2014ರ ಒಂದು ಅಧ್ಯಯನದಲ್ಲಿ ಉತ್ತರದ ಸುಳಿವಿದೆ. ಸಾರಾ ರೋಸ್‌ಬೆರಿ, ಕ್ಯಾಥಿ ಹರ್ಷ್-ಪಾಸೆಕ್, ರಾಬರ್ಟಾ ಗೊಲಿಂಕಾಫ್ ಎಂಬ ಸಂಶೋಧಕಿಯರು ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಕಲಿಸಿ ನೋಡಿದರು. ಕೆಲವರಿಗೆ ಎದುರೆದುರು ಕೂತು, ಕೆಲವರಿಗೆ ವಿಡಿಯೊ ಕಾಲ್‌ನಲ್ಲಿ, ಇನ್ನು ಕೆಲವರಿಗೆ ಮೊದಲೇ ಚಿತ್ರೀಕರಿಸಿದ ವಿಡಿಯೊದಲ್ಲಿ. ಎದುರು ಕೂತು ಕಲಿತವರೂ ವಿಡಿಯೊ ಕಾಲ್‌ನಲ್ಲಿ ಕಲಿತವರೂ ಪದ ಹಿಡಿದರು. ಚಿತ್ರೀಕರಿಸಿದ್ದನ್ನು ನೋಡಿದವರು ಹಿಡಿಯಲಿಲ್ಲ. ಪರದೆಯಲ್ಲಿರುವವರು ತನ್ನ ಮಾತಿಗೆ, ತನ್ನ ನೋಟಕ್ಕೆ ಆ ಕ್ಷಣದಲ್ಲೇ ಓಗೊಡುತ್ತಾರೆಯೇ? ಮಗುವಿಗೆ ಮುಖ್ಯವಾದದ್ದು ಅದು.

ನನ್ನ ‘ಮುತ್ತು ಕೊಡು, ಹಾಡು ಹೇಳು’ಗಳಲ್ಲಿ ಓಗೊಡುವುದು ಎಲ್ಲಿತ್ತು? ಮಗು ಬ್ಲಾಕ್ ಜೋಡಿಸುತ್ತಿದ್ದರೆ ಆಟ ಬಿಟ್ಟು ನನ್ನ ಕಡೆ ನೋಡೆಂದು ನಾನು ಕೇಳುತ್ತಿದ್ದೆ. ಅದು ಮಾಡುತ್ತಿರುವುದನ್ನು ನಾನು ನೋಡುತ್ತಿರಲಿಲ್ಲ. ಒಂದು ದಿನ ಮಗಳು ಫೋನನ್ನು ನೆಲದ ಮೇಲೆ ನಿಲ್ಲಿಸಿ ಅಡುಗೆಮನೆಗೆ ಹೋದಳು. ಮಗು ಗೋಪುರ ಕಟ್ಟುತ್ತಿತ್ತು. ಅದು ಬಿದ್ದಾಗ “ಅಯ್ಯೋ, ಧಡಾರ್!” ಎಂದೆ. ಮಗು ತಿರುಗಿ ನೋಡಿ ನಕ್ಕಿತು. ಮತ್ತೆ ಕಟ್ಟಿತು, ಬೇಕೆಂದೇ ಬೀಳಿಸಿತು, ನನ್ನ ‘ಧಡಾರ್’ಗೆ ಕಾಯಿತು. ಹದಿನೈದು ಸಲ ಕಟ್ಟಿ ಬೀಳಿಸಿದೆವು. ‘ಧಡಾರ್’ ಅವಳು ನನ್ನಿಂದ ಕಲಿತ ಮೊದಲ ಕನ್ನಡ ಪದ.

ಅಲ್ಲಿಂದ ನಮ್ಮ ಫೋನಿಗೆ ಒಂದು ಕೆಲಸ ಸಿಕ್ಕಿತು. ಮಾತಾಡಲೆಂದು ಕೂರುವುದನ್ನು ಬಿಟ್ಟು, ಏನಾದರೂ ಮಾಡುತ್ತ ಜೊತೆಗಿರುವುದು. ಮೊದಲು ಬ್ಲಾಕು, ಆಮೇಲೆ ಅವರೆಕಾಯಿ ಸುಲಿಯುವುದು, ಈಗ ರಂಗೋಲಿ. ಬೆಂಗಳೂರಿನ ಮೊಮ್ಮಗನಿಗೆ ಹನ್ನೊಂದು ವರ್ಷ, ರಂಗೋಲಿ ಬೇಡ. ಅವನೂ ಅಜ್ಜನೂ ಚದುರಂಗ ಆಡುತ್ತಾರೆ. ಎರಡೂ ಮನೆಯಲ್ಲಿ ಒಂದೊಂದು ಮಣೆ. ದಿನಕ್ಕೆ ಒಂದೇ ನಡೆ. ಕಾಯಿ ನಡೆಸಿ ಫೋಟೊ ತೆಗೆದು ಕಳಿಸುವುದು. ಒಂದು ಆಟ ಎರಡು ತಿಂಗಳು ನಡೆದದ್ದಿದೆ. ನಾಳೆಗೆ ಏನಾದರೊಂದು ಬಾಕಿ ಇರಬೇಕು. ಬಾಕಿ ಇದ್ದಲ್ಲಿ ಫೋನ್ ಮಾಡಲು ನೆಪ ಹುಡುಕಬೇಕಾಗಿಲ್ಲ.

ಹೊತ್ತು ಗೊತ್ತು ಮಾಡಿಕೊಳ್ಳುವುದೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ, ನವೆಂಬರ್ ಮೊದಲ ಭಾನುವಾರ ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ನಮ್ಮ ಐದು ಗಂಟೆಗೆ ಬರುವ ಅವರ ಊಟದ ಹೊತ್ತು ಚಳಿಗಾಲದಲ್ಲಿ ಆರಕ್ಕೆ ಬರುತ್ತದೆ. ಈ ಎರಡು ಭಾನುವಾರಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಸಾಲಿನಲ್ಲೇ ಗುರುತು ಹಾಕಿಟ್ಟಿದ್ದೇನೆ.

ನಡುವಿನ ಬಾಗಿಲು

ಅಸಲಿಗಿಂತ ಬಡ್ಡಿಯ ಮೇಲೆ ಆಸೆ ಹೆಚ್ಚು ಎನ್ನುತ್ತಾರೆ. ಆದರೆ ಬಡ್ಡಿ ಬರಬೇಕಾದದ್ದು ಅಸಲಿನ ಮೂಲಕವೇ. ಅಜ್ಜಿಗೂ ಮೊಮ್ಮಗುವಿಗೂ ನಡುವಿನ ಬಾಗಿಲು ಮಗಳು, ಅಳಿಯ, ಮಗ, ಸೊಸೆ. ಅವರ ಮನಸ್ಸು ಮುದುಡಿದರೆ ಬಾಗಿಲು ಅರ್ಧ ಮುಚ್ಚಿದಂತೆ.

ಇದನ್ನು ನಾನು ಸೊಸೆಯಿಂದ ಕಲಿತೆ. ಬೆಂಗಳೂರಿನ ಮೊಮ್ಮಗ ಚಿಕ್ಕವನಿದ್ದಾಗ ನಾನು ಫೋನ್ ಮಾಡಿದಾಗಲೆಲ್ಲ ಒಂದು ಸಲಹೆ ಕೊಡುತ್ತಿದ್ದೆ. ಎಣ್ಣೆನೀರು ಹಾಕಿದೆಯಾ, ಫ್ರಿಜ್ಜಿನ ಹಾಲು ಕೊಡಬೇಡ, ಇಷ್ಟು ಸಣ್ಣವನನ್ನು ಡೇಕೇರ್‌ನಲ್ಲಿ ಯಾಕೆ ಬಿಡುತ್ತೀರಿ. ಪ್ರೀತಿಯಿಂದಲೇ ಹೇಳುತ್ತಿದ್ದೆ. ಬರಬರುತ್ತ ಫೋನು ವಾರಕ್ಕೊಮ್ಮೆಯಾಯಿತು, ಆಮೇಲೆ ಮಗನೊಬ್ಬನೇ ಮಾತಾಡತೊಡಗಿದ. ಯುಗಾದಿಗೆ ಬಂದಾಗ ಸೊಸೆ ಒಲೆಯ ಮುಂದೆ ನಿಂತು ಮೆಲ್ಲಗೆ ಹೇಳಿದಳು: “ಅತ್ತೆ, ನಿಮ್ಮ ಫೋನ್ ಬಂದ್ರೆ ನಂಗೆ ಪರೀಕ್ಷೆಗೆ ಕೂತ ಹಾಗಾಗುತ್ತೆ.” ಮೂವತ್ತು ವರ್ಷ ಪರೀಕ್ಷೆ ಮಾಡಿದವಳಿಗೆ ಆ ಮಾತು ಚುರುಕ್ಕೆಂದಿತು. ಅಂದಿನಿಂದ ಕೇಳಿದರೆ ಮಾತ್ರ ಸಲಹೆ. ಆಶ್ಚರ್ಯವೆಂದರೆ, ಕೊಡುವುದನ್ನು ನಿಲ್ಲಿಸಿದ ಮೇಲೆ ಅವಳು ಕೇಳತೊಡಗಿದಳು. ಈಗ ವಾರದಲ್ಲಿ ಮೂರು ದಿನ ಆಫೀಸಿನಿಂದ ಬರುವ ಬಸ್ಸಿನಲ್ಲಿ ಕೂತು ಅವಳೇ ಫೋನ್ ಮಾಡುತ್ತಾಳೆ. ಪತ್ರೊಡೆಗೆ ಕೆಸುವಿನೆಲೆ ಎಷ್ಟು ಬಲಿತಿರಬೇಕು ಎಂದು ಕೇಳುತ್ತಾಳೆ. ಅವಳು ಇಳಿಯುವ ನಿಲ್ದಾಣ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ.

ದೂರ ಎಂದರೆ ಮೈಲಿಯ ಲೆಕ್ಕವಲ್ಲ ಎಂದು ಆಗ ಗೊತ್ತಾಯಿತು. ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಿಗುವ ಬೆಂಗಳೂರು ಆ ಎರಡು ವರ್ಷ ನನಗೆ ಅಮೆರಿಕಕ್ಕಿಂತ ದೂರವಿತ್ತು.

ಆರು ತಿಂಗಳ ಬಾಣಂತನ

ನಮ್ಮ ಸುತ್ತಿನ ಎಷ್ಟೋ ತಾಯಂದಿರು ಮೊದಲ ಸಲ ವಿಮಾನ ಹತ್ತಿದ್ದು ಬಾಣಂತನಕ್ಕೆ. ಅಂಟಿನುಂಡೆ, ಬಾಣಂತಿ ಖಾರ, ಕಾಯಿಸಿ ಸೋಸಿದ ಎಣ್ಣೆ, ಹಳೆಯ ಹತ್ತಿ ಸೀರೆಯ ತುಂಡುಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡು ಹೋಗುತ್ತಾರೆ. ಅಮೆರಿಕಕ್ಕೆ ಪ್ರವಾಸಿ ವೀಸಾದಲ್ಲಿ ಹೋದವರಿಗೆ ಒಮ್ಮೆಗೆ ಸಾಮಾನ್ಯವಾಗಿ ಆರು ತಿಂಗಳಷ್ಟೇ ಅವಕಾಶ. ಹೀಗಾಗಿ ಮೊದಲ ಆರು ತಿಂಗಳು ಹೆಣ್ಣಿನ ಅಪ್ಪ ಅಮ್ಮ, ನಂತರದ ಆರು ತಿಂಗಳು ಗಂಡಿನ ಅಪ್ಪ ಅಮ್ಮ ಎಂಬ ಸರದಿ ಕನ್ನಡದ ಮನೆಗಳಲ್ಲಿ ತಾನಾಗಿ ರೂಢಿಗೆ ಬಂದಿದೆ. ಕೆನಡಾದಲ್ಲಿ ಅಪ್ಪ ಅಮ್ಮ, ಅಜ್ಜ ಅಜ್ಜಿಯರಿಗೆಂದೇ 2011ರಲ್ಲಿ ‘ಸೂಪರ್ ವೀಸಾ’ ತಂದರು. 2022ರಿಂದ ಅದರಲ್ಲಿ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು.

ಆ ಆರು ತಿಂಗಳಲ್ಲಿ ಮಗು ನಮ್ಮ ಮೈಶಾಖಕ್ಕೆ ಒಗ್ಗಿರುತ್ತದೆ. ಜೋಗುಳದ ದನಿ ಗುರುತಿಸುತ್ತದೆ. ಹಿಂತಿರುಗಿ ಬಂದ ಮೇಲೆ ಅದನ್ನು ಕಾಪಾಡಿಕೊಳ್ಳುವುದು ಸುಲಭವಲ್ಲ. ನಾನು ಹೊರಡುವ ಹಿಂದಿನ ದಿನ ನನ್ನದೊಂದು ಹಳೆಯ ಸೀರೆಯನ್ನು ಮಡಚಿ ಮಗುವಿನ ಹಾಸಿಗೆಗೆ ಹಾಸಿ ಬಂದೆ. ಈಗಲೂ ಅವಳು ಅದನ್ನು ‘ಅಜ್ಜಿ’ ಎಂದೇ ಕರೆಯುತ್ತಾಳೆ.

ಅವರು ಇಲ್ಲಿಗೆ ಬಂದಾಗ ನಾವು ಮಾಡುವ ತಪ್ಪು ಬೇರೆ. ಮೂರು ವಾರದ ರಜೆಯಲ್ಲಿ ತ್ಯಾವರೆಕೊಪ್ಪದ ಹುಲಿ ಸಿಂಹ, ಸಕ್ರೆಬೈಲಿನ ಆನೆ, ಜೋಗ, ಸಿಗಂದೂರು, ನೆಂಟರಿಷ್ಟರ ಮನೆ ಎಂದು ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಸುತ್ತುತ್ತೇವೆ. ಹೋದ ಸಲ ಮೊಮ್ಮಗಳು ಹಿಂತಿರುಗಿದ ಮೇಲೆ “ಆಯನೂರಿನಲ್ಲಿ ಏನು ಇಷ್ಟ ಆಯ್ತು?” ಎಂದು ಕೇಳಿದೆ. ಜೋಗ ಹೇಳುತ್ತಾಳೆಂದುಕೊಂಡಿದ್ದೆ. “ಬಚ್ಚಲ ಒಲೆ” ಎಂದಳು. ಹಂಡೆಯ ಕೆಳಗೆ ಅಡಿಕೆ ಹಾಳೆ ತುರುಕಿ ಬೆಂಕಿ ಏಳುವುದನ್ನು ಅಜ್ಜನ ಜೊತೆ ಕೂತು ನೋಡಿದ್ದು, ಹೊಗೆಗೆ ಕಣ್ಣುಜ್ಜಿಕೊಂಡದ್ದು, ತಂಬಿಗೆಯಲ್ಲಿ ಬಿಸಿನೀರು ಸುರಿದುಕೊಂಡದ್ದು. ಮಗು ಒಯ್ದದ್ದು ಮನೆಯ ಒಂದು ಮಾಮೂಲಿ ಬೆಳಗನ್ನು.

ಮನೆತನದ ಕಥೆಗಳು

ನಮ್ಮೂರಿನಿಂದ ಆಚೆಗೆ ಅರಸಾಳು ರೈಲು ನಿಲ್ದಾಣವಿದೆ. ಆರ್. ಕೆ. ನಾರಾಯಣ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಶಂಕರ್‌ನಾಗ್ ರೈಲಿನ ದೃಶ್ಯಗಳನ್ನು ಚಿತ್ರಿಸಿದ ಜಾಗ. 2020ರಿಂದ ಅಲ್ಲೊಂದು ಮಾಲ್ಗುಡಿ ಮ್ಯೂಸಿಯಂ ಇದೆ. ಸ್ವಾಮಿ ಎಂಬ ಹುಡುಗನ ಆ ಲೋಕದಲ್ಲಿ ಮನೆಯ ಮೂಲೆಯಲ್ಲಿ ಕೂತ ಅಜ್ಜಿಗೊಂದು ಖಾಯಂ ಸ್ಥಾನ. ಮೊಮ್ಮಗನ ಶಾಲೆಯ ಸುದ್ದಿಗೆ ಅವಳು ಕಿವಿ, ಅವನಿಗೆ ಅವಳು ಹಳೆಯ ಕಥೆಗಳ ಬಾಯಿ.

ಆ ಕಥೆಗಳಿಗೆ ಬೆಲೆ ಎಷ್ಟೆಂದು ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್, ರಾಬಿನ್ ಫೈವುಷ್ ಎಂಬ ಮನಶ್ಶಾಸ್ತ್ರಜ್ಞರು 2001ರ ಹೊತ್ತಿಗೆ ಅಳೆದು ನೋಡಿದರು. ಮಕ್ಕಳಿಗೆ ಇಪ್ಪತ್ತು ಪ್ರಶ್ನೆ. ನಿನ್ನ ಅಜ್ಜ ಅಜ್ಜಿ ಬೆಳೆದ ಊರು ಯಾವುದು, ನಿನ್ನ ಅಪ್ಪ ಅಮ್ಮ ಭೇಟಿಯಾದದ್ದು ಎಲ್ಲಿ ಎಂಬಂಥವು. ಮನೆತನದ ಸಂಗತಿ ಹೆಚ್ಚು ಬಲ್ಲ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚು ಕಂಡಿತು. ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಆ ಫಲ ಬರುವುದಿಲ್ಲ, ಹಿರಿಯರು ಕೂತು ಹೇಳುವ, ಕಿರಿಯರು ಕೇಳುವ ಆ ಹೊತ್ತುಗಳಲ್ಲೇ ಅದರ ಬಲವಿದೆ ಎಂದು ಡ್ಯೂಕ್ ವಿವರಿಸಿದ್ದಾರೆ.

ನಾನು ವಾರಕ್ಕೊಂದು ಕಥೆಯನ್ನು ದನಿಮುದ್ರಿಸಿ ಇಬ್ಬರು ಮೊಮ್ಮಕ್ಕಳಿಗೂ ಕಳಿಸುತ್ತೇನೆ. ಮೂರು ನಿಮಿಷ ಮೀರುವುದಿಲ್ಲ. ನಿನ್ನ ಅಮ್ಮ ಎರಡನೇ ಕ್ಲಾಸಿನಲ್ಲಿ ಶಾಲೆ ತಪ್ಪಿಸಿ ಭತ್ತದ ಪಣತದಲ್ಲಿ ಅಡಗಿ ಕೂತದ್ದು. ನಿನ್ನ ಮುತ್ತಜ್ಜ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ನಡೆದುಕೊಂಡು ಹೋದದ್ದು. ಸೋತದ್ದು, ಅತ್ತದ್ದು, ಹೆದರಿದ್ದು ಎಲ್ಲವೂ ಇರುತ್ತವೆ. ಅಮ್ಮ ಶಾಲೆ ತಪ್ಪಿಸಿದ ಕಥೆಯನ್ನು ಮೊಮ್ಮಗಳು ಎಷ್ಟು ಸಲ ಕೇಳಿದ್ದಾಳೋ ಲೆಕ್ಕವಿಲ್ಲ. ಕನ್ನಡವೂ ಆ ದಾರಿಯಲ್ಲೇ ಒಳಗೆ ಹೋಗುತ್ತದೆ. ಅಮೆರಿಕದಲ್ಲಿ ಎಪ್ಪತ್ತರ ದಶಕದಿಂದಲೇ ಕನ್ನಡ ಕೂಟಗಳಿವೆ, ಭಾನುವಾರದ ಕನ್ನಡ ತರಗತಿಗಳಿವೆ. ಅಕ್ಷರ ಅವರು ಕಲಿಸಲಿ. ‘ಪಣತ’, ‘ಜಗಲಿ’, ‘ಧಡಾರ್’ ಕೊಡಬೇಕಾದವರು ನಾವು.

ನಾವು ಕಲಿಯಬೇಕಾದದ್ದೂ ಇದೆ. ಸುಧಾ ಮೂರ್ತಿಯವರು ತಮ್ಮ ಅಜ್ಜಿಗೆ ಅಕ್ಷರ ಕಲಿಸಿದ ಪ್ರಸಂಗವನ್ನು ಬರೆದಿದ್ದಾರೆ. ‘ಕರ್ಮವೀರ’ದಲ್ಲಿ ಬರುತ್ತಿದ್ದ ತ್ರಿವೇಣಿಯವರ ‘ಕಾಶಿಯಾತ್ರೆ’ ಧಾರಾವಾಹಿಯನ್ನು ಅಜ್ಜಿಗೆ ಓದಿ ಹೇಳುತ್ತಿದ್ದವಳು ಮೊಮ್ಮಗಳು. ಅವಳು ಮದುವೆಗೆಂದು ಬೇರೆ ಊರಿಗೆ ಹೋದಾಗ ಪತ್ರಿಕೆ ಕೈಯಲ್ಲಿದ್ದೂ ಓದಲಾಗದೆ ಅಜ್ಜಿ ಕಣ್ಣೀರಿಟ್ಟರು. ಅರವತ್ತೆರಡನೇ ವಯಸ್ಸಿನಲ್ಲಿ ಹಟ ಹಿಡಿದು ಮೊಮ್ಮಗಳಿಂದಲೇ ಓದಲು ಕಲಿತು, ಕೊನೆಗೆ ಗುರುವೆಂದು ಅವಳ ಪಾದ ಮುಟ್ಟಿದರು. ನನಗೆ ದನಿಮುದ್ರಿಸಿ ಕಳಿಸುವುದನ್ನು ಕಲಿಸಿದವನು ಬೆಂಗಳೂರಿನ ಮೊಮ್ಮಗ. “ಅಜ್ಜಿ, ಮೈಕ್ ಒತ್ತಿ ಹಿಡ್ಕೋ, ಮಾತು ಮುಗಿದ ಮೇಲೆ ಬಿಡು” ಎಂದು ಒಂದು ಸಂಜೆಯಿಡೀ ಪಕ್ಕ ಕೂತು ಹೇಳಿಕೊಟ್ಟ. ಕಲಿಸಿದ ಮಗುವಿಗೆ ಕಲಿತವರ ಮೇಲೆ ಒಂದು ಅಕ್ಕರೆ ಹುಟ್ಟುತ್ತದೆ. ನಾನು ಮೇಷ್ಟ್ರಾಗಿದ್ದವಳು, ಅದು ಬಲ್ಲೆ.

ಮುಚ್ಚಿಟ್ಟ ಕೈ

ಕೊನೆಗೆ, ಎಲ್ಲಕ್ಕಿಂತ ಕಷ್ಟದ ಮಾತು. “ಮಕ್ಕಳಿಗೆ ಹೇಳಬೇಡಿ, ಗಾಬರಿ ಆಗ್ತಾರೆ.” ದೂರವಿರುವ ಮಕ್ಕಳ ಅಪ್ಪ ಅಮ್ಮ ಹೆಚ್ಚು ಆಡುವ ಮಾತು ಬಹುಶಃ ಇದೇ.

ಹೋದ ಆಷಾಢದಲ್ಲಿ ಅಂಗಳದ ಹಾವಸೆಯ ಮೇಲೆ ಕಾಲು ಜಾರಿ ಬಿದ್ದೆ. ಬಲ ಮಣಿಕಟ್ಟು ಮುರಿಯಿತು. ಪಕ್ಕದ ಮನೆಯ ಹುಡುಗ ತನ್ನ ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದು ಪಟ್ಟಿ ಹಾಕಿಸಿ ತಂದ. “ನ್ಯೂಜೆರ್ಸಿಗ್ಯಾಕೆ ಹೇಳೋದು, ಅಲ್ಲಿಂದ ಏನು ಮಾಡೋಕಾಗುತ್ತೆ?” ಎಂದು ನಾನೂ ನಮ್ಮನೆಯವರೂ ತೀರ್ಮಾನಿಸಿದೆವು. ಬೆಳಿಗ್ಗೆ ಮುಖವಷ್ಟೇ ಕಾಣುವಂತೆ ಫೋನ್ ಹಿಡಿದು ಕುರ್ಚಿಯಲ್ಲಿ ಕೂತೆ. ಮಳೆ ಜೋರು, ರಂಗೋಲಿ ಇಲ್ಲ ಎಂದೆ. ಎರಡು ದಿನ ನಡೆಯಿತು. ಮೂರನೇ ದಿನ ಮೊಮ್ಮಗಳು ಊಟ ನಿಲ್ಲಿಸಿದಳು.

“ಮಳೆ ಬಂದ್ರೆ ಜಗಲಿ ಮೇಲೆ ಹಾಕ್ತೀಯಲ್ಲ ಅಜ್ಜಿ?”

ನನಗೆ ಉತ್ತರ ಹೊಳೆಯಲಿಲ್ಲ.

“ಅಜ್ಜೀ, ಕೈ ತೋರ್ಸು.”

ಪಟ್ಟಿ ನೋಡಿ ಹಿಂದೆ ನಿಂತಿದ್ದ ಮಗಳು ಅಳತೊಡಗಿದಳು. ಕೈ ಮುರಿದದ್ದಕ್ಕಿಂತ, ಹೇಳಲಿಲ್ಲವೆಂದು. “ಅಮ್ಮಾ, ಇನ್ಮೇಲೆ ನೀನು ಚೆನ್ನಾಗಿದ್ದೀನಿ ಅಂದ್ರೂ ನಾನು ಹೇಗೆ ನಂಬ್ಲಿ?” ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಅವಳೂ ಒಂದು ಮಾತು ಬಾಯಿಬಿಟ್ಟಳು. ಅಳಿಯನ ಕೆಲಸ ಹೋಗಿ ಎರಡು ತಿಂಗಳಾಗಿತ್ತಂತೆ. ನಾವು ಗಾಬರಿಯಾಗುತ್ತೇವೆಂದು ಹೇಳಿರಲಿಲ್ಲವಂತೆ. ಎರಡೂ ಕಡೆ ಪ್ರೀತಿಯಿಂದಲೇ ಸುಳ್ಳು ಹೇಳಿಕೊಂಡು ಕೂತಿದ್ದೆವು.

ಆ ದಿನ ನಾವೊಂದು ಕರಾರು ಮಾಡಿಕೊಂಡೆವು. ಬಿದ್ದರೆ, ಜ್ವರ ಬಂದರೆ, ಕೆಲಸ ಹೋದರೆ ಅಂದೇ ಹೇಳುವುದು. ಕೇಳಿದವರು ಅಳಬಹುದು, ಬೈಯಬಾರದು. ಪಕ್ಕದ ಮನೆಯವರ ನಂಬರ್ ಮಗಳ ಹತ್ತಿರವೂ, ಅವಳ ಗೆಳತಿಯ ನಂಬರ್ ನನ್ನ ಹತ್ತಿರವೂ ಇರುವುದು. ಔಷಧಿಗಳ ಪಟ್ಟಿ, ಬ್ಯಾಂಕಿನ ಪುಸ್ತಕ, ವಿಮೆಯ ಕಾಗದ ಇರುವ ಜಾಗ ಇಬ್ಬರು ಮಕ್ಕಳಿಗೂ ಗೊತ್ತಿರುವುದು. ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567 ಎಂಬ ಸಂಖ್ಯೆಯನ್ನೂ ಫೋನಿನ ಪಕ್ಕದ ಗೋಡೆಗೆ ಬರೆದು ಅಂಟಿಸಿದ್ದೇನೆ. ಕರೆಗೆ ದುಡ್ಡಿಲ್ಲ. ಯಾರೂ ಇಲ್ಲದ ಹೊತ್ತಿನಲ್ಲಿ ಕೇಳಲು ಒಂದು ದನಿಯಾದರೂ ಬೇಕಲ್ಲ.

ನನ್ನ ಕೈಯ ಸುದ್ದಿ ಬಯಲಾದದ್ದು ‘ಹೇಗಿದ್ದೀರಿ’ ಎಂಬ ಪ್ರಶ್ನೆಯಿಂದಲ್ಲ. ಆ ಪ್ರಶ್ನೆಗೆ ನನ್ನ ಬಳಿ ‘ಚೆನ್ನಾಗಿದ್ದೀನಿ’ ಎಂಬ ಉತ್ತರ ಸದಾ ಸಿದ್ಧವಿತ್ತು. ಮಳೆಗಾಲದಲ್ಲಿ ಅಜ್ಜಿಯ ರಂಗೋಲಿ ಅಂಗಳದಿಂದ ಜಗಲಿಗೆ ಬರುತ್ತದೆ ಎಂಬ, ಯಾರಿಗೂ ಬೇಡದ ಒಂದು ಸಂಗತಿ ಆ ಮಗುವಿಗೆ ಗೊತ್ತಿತ್ತು. ಅದರಿಂದ ಬಯಲಾಯಿತು. ಒಬ್ಬರ ದಿನ ಇನ್ನೊಬ್ಬರಿಗೆ ಇಷ್ಟು ಸಣ್ಣದಾಗಿ ತಿಳಿದಿದ್ದರೆ ಅದರಲ್ಲಿ ಆಗುವ ಏರುಪೇರು ಎಂಟು ಸಾವಿರ ಮೈಲಿ ದೂರದಿಂದಲೂ ಕಾಣುತ್ತದೆ.

ಪಟ್ಟಿ ಬಿಚ್ಚಲು ಆರು ವಾರ ಹಿಡಿಯಿತು. ಆ ಆರು ವಾರವೂ ಬೆಳಿಗ್ಗೆ ಐದಕ್ಕೆ ಫೋನು ಬಂತು. ಮೊದಲ ದಿನ ಎಡಗೈಯಲ್ಲಿ ಚುಕ್ಕಿ ಇಡಲು ಹೋಗಿ ಹಿಟ್ಟು ಚೆಲ್ಲಿದೆ. ಮೊಮ್ಮಗಳು ಬೇಡವೆಂದಳು.

“ನೀನು ಚುಕ್ಕಿ ಹೇಳು ಅಜ್ಜಿ. ಎಳೆ ನಾನು ಎಳೀತೀನಿ.”

ನಾನು ಜಗಲಿಯಲ್ಲಿ ಕೂತು ಹೇಳಿದೆ. ಮೂರನೇ ಸಾಲು, ಎರಡನೇ ಚುಕ್ಕಿ. ಅಲ್ಲಿಂದ ಮೇಲಕ್ಕೆ, ಬಳಸಿ ಕೆಳಕ್ಕೆ. ಹೊರಗೆ ಮಳೆ ಸುರಿಯುತ್ತಿತ್ತು. ಅವಳು ನಾಲಿಗೆ ಕಚ್ಚಿಕೊಂಡು ಎಳೆ ಸೇರಿಸಿ, ಹಾಳೆಯನ್ನು ಎತ್ತಿ ಫೋನಿಗೆ ಹಿಡಿದಳು. ಒಂದು ಕಡೆ ಸೊಟ್ಟವಾಗಿತ್ತು. ನಾನು ತಿದ್ದಲು ಹೇಳಲಿಲ್ಲ.